ಗಾಯಗೊಂಡ ನೆನಪು ಮತ್ತು ಕಣ್ಣಿನ ಚಲನೆ: ಒಂದು ಚಿಕಿತ್ಸೆಯ ಇತಿಹಾಸ

2019ರ ಆಗಸ್ಟ್ ತಿಂಗಳ ಮಳೆಯನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಜನರು ಇನ್ನೂ ಮರೆತಿಲ್ಲ. ಆಶ್ಲೇಷಾ ಮಳೆ ಹಗಲಿರುಳೆನ್ನದೆ ಸುರಿಯಿತು. ತುಂಗೆ ದಡ ಮೀರಿ ಹರಿದಳು. ಗುಡ್ಡಗಳು ನೀರು ಕುಡಿದು ಸಡಿಲಗೊಂಡವು. ನಮ್ಮ ಮನೆಯ ಹಿಂದಿನ ಧರೆ ಜರಿದದ್ದು ಅಂತಹ ಒಂದು ರಾತ್ರಿ. ಬಚ್ಚಲುಮನೆಯೂ ಸೌದೆಯ ಕೊಟ್ಟಿಗೆಯೂ ಕ್ಷಣಾರ್ಧದಲ್ಲಿ ಮಣ್ಣಿನಡಿ ಸೇರಿದವು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ದೇವರು ಕಾಪಾಡಿದರೆಂದು ಬಂದವರೆಲ್ಲ ಹೇಳಿದರು. ನಾನೂ ಹಾಗೆಯೇ ಹೇಳಿದೆ. ಮಳೆ ನಿಂತ ಮೇಲೆ ಮಣ್ಣು ತೆಗೆಸಿ ಗೋಡೆ ಕಟ್ಟಿಸಿದೆವು.

ಗೋಡೆ ಎದ್ದಿತು, ಆದರೆ ನನ್ನ ನಿದ್ರೆ ಮರಳಿ ಬರಲಿಲ್ಲ. ಬೇಸಿಗೆಯಲ್ಲಿಯೂ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ರಸ್ತೆ ಕೆಲಸಕ್ಕೆ ಬಂದ ಲಾರಿ ಜಲ್ಲಿ ಸುರಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಹಿಂಬದಿಯ ಕೋಣೆಗೆ ಕಾಲಿಡುವುದನ್ನೇ ಬಿಟ್ಟೆ. ಮನೆಯವರ ಮೇಲೆ ಕಾರಣವಿಲ್ಲದೆ ಸಿಡುಕತೊಡಗಿದೆ. ಹೀಗೆ ಒಂದೂವರೆ ವರ್ಷ ಕಳೆಯಿತು. ಕೊನೆಗೆ ಪರಿಚಯದ ಧರ್ಮಭಗಿನಿಯೊಬ್ಬರು, ದಾದಿಯಾಗಿ ಬಹುಕಾಲ ದುಡಿದವರು, ಒಂದು ದಿನ ಮೆಲ್ಲನೆ ಹೇಳಿದರು: "ಅಣ್ಣಾ, ಇದಕ್ಕೊಂದು ಹೆಸರಿದೆ, ಚಿಕಿತ್ಸೆಯೂ ಇದೆ." ಅವರ ಸಲಹೆಯಂತೆ ಮಂಗಳೂರಿನ ಆಪ್ತಸಮಾಲೋಚಕರೊಬ್ಬರ ಬಳಿಗೆ ಹೋದೆ. ಅವರು ತಮ್ಮ ಚಿಕಿತ್ಸೆಯ ಕ್ರಮವನ್ನು ವಿವರಿಸುತ್ತಾ, ಒಂದು ಹಂತದಲ್ಲಿ ತಮ್ಮ ಎರಡು ಬೆರಳುಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಚಲಿಸುವುದನ್ನು ನಾನು ಕಣ್ಣಿನಿಂದ ಹಿಂಬಾಲಿಸಬೇಕಾಗುತ್ತದೆ ಎಂದರು. ಜಾತ್ರೆಯ ಮೋಡಿಯವರ ನೆನಪಾಗಿ ನನಗೆ ನಗುವೇ ಬಂತು. ಇದೆಂತಹ ವೈದ್ಯ, ಎಲ್ಲಿಂದ ಬಂತು, ಇದನ್ನು ಯಾರು ಪರೀಕ್ಷಿಸಿದರು ಎಂದು ತಿಳಿಯದೆ ಒಪ್ಪಿಕೊಳ್ಳಬಾರದೆಂದು ಓದತೊಡಗಿದೆ. ಈ ಲೇಖನ ಆ ಓದಿನಿಂದ ಹುಟ್ಟಿದ್ದು. ನನ್ನ ಅನುಭವವನ್ನು ಕೊನೆಯಲ್ಲಿ ಹೇಳುತ್ತೇನೆ.

ಹೆಸರಿಲ್ಲದ ಗಾಯ

ದೇಹಕ್ಕೆ ಏಟು ಬೀಳದೆಯೂ ಮನುಷ್ಯನು ಗಾಯಗೊಳ್ಳಬಲ್ಲನೆಂಬುದನ್ನು ವೈದ್ಯಶಾಸ್ತ್ರ ಒಪ್ಪಿದ್ದು ಬಹಳ ತಡವಾಗಿ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಾಗ ರೈಲಿನ ಅಪಘಾತಗಳೂ ಬಂದವು. ಮೈಮೇಲೆ ಗಾಯವಿಲ್ಲದಿದ್ದರೂ ನಡುಗುವ, ನಿದ್ರೆಗೆಡುವ, ಕೆಲಸಕ್ಕೆ ಬಾರದಂತಾಗುವ ಪ್ರಯಾಣಿಕರನ್ನು ಕಂಡು 1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ ಇದು ಬೆನ್ನುಹುರಿಗೆ ತಗುಲಿದ ಪೆಟ್ಟಿನ ಪರಿಣಾಮವಿರಬೇಕೆಂದು ಬರೆದರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ನಡೆದ ರೈಲು ದುರಂತದಲ್ಲಿ ಬದುಕುಳಿದರು, ಗಾಯಾಳುಗಳಿಗೆ ನೆರವಾದರು. ಆದರೆ ಅಂದಿನಿಂದ ರೈಲಿನಲ್ಲಿ ಕುಳಿತಾಗಲೆಲ್ಲ ಇದ್ದಕ್ಕಿದ್ದಂತೆ ಭಯ ಅವರನ್ನು ಹಿಡಿಯುತ್ತಿತ್ತು. ಅಪಘಾತವಾಗಿ ಐದು ವರ್ಷ ತುಂಬಿದ ದಿನವೇ ಅವರು ತೀರಿಕೊಂಡರು.

ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಈ ಕಾಯಿಲೆ ಸಾವಿರಾರು ಸೈನಿಕರಲ್ಲಿ ಕಾಣಿಸಿಕೊಂಡಿತು. ಮಾತು ನಿಂತವರು, ಕಾಲು ಸೋತವರು, ಸಿಡಿಗುಂಡಿನ ಸದ್ದನ್ನು ಕನಸಿನಲ್ಲಿಯೂ ಕೇಳುವವರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಮನೋವಿಜ್ಞಾನಿ 'ಶೆಲ್ ಶಾಕ್' ಎಂಬ ಹೆಸರನ್ನು ವೈದ್ಯಪತ್ರಿಕೆಯಲ್ಲಿ ಬಳಸಿದರು. ಸೇನಾಧಿಕಾರಿಗಳ ಕಣ್ಣಿಗೆ ಮಾತ್ರ ಇದು ಹೇಡಿತನವಾಗಿತ್ತು. ಪಲಾಯನ, ಹೇಡಿತನ ಮುಂತಾದ ಆಪಾದನೆಗಳ ಮೇಲೆ ಗುಂಡಿಕ್ಕಿ ಕೊಲ್ಲಲ್ಪಟ್ಟ 306 ಸೈನಿಕರಿಗೆ ಬ್ರಿಟನ್ ಕ್ಷಮಾದಾನ ನೀಡಿದ್ದು 2006ರಲ್ಲಿ. ಅವರಲ್ಲಿ ಹಲವರು ರೋಗಿಗಳಾಗಿದ್ದರೆಂದು ಇಂದಿನ ವೈದ್ಯರು ಹೇಳಬಲ್ಲರು. ಅಷ್ಟರಲ್ಲಿ ತೊಂಬತ್ತು ವರ್ಷ ಕಳೆದಿತ್ತು.

ಅದೇ ಯುದ್ಧಕಾಲದಲ್ಲಿ ಚಿಕಿತ್ಸೆಯ ಎರಡು ದಾರಿಗಳು ಕಾಣಿಸಿಕೊಂಡವು. ಲಂಡನ್ನಿನಲ್ಲಿ ಲೂಯಿಸ್ ಯೆಲಂಡ್ ಎಂಬ ವೈದ್ಯರು ಮಾತು ನಿಂತ ಸೈನಿಕರಿಗೆ ವಿದ್ಯುತ್ತಿನ ಆಘಾತ ಕೊಟ್ಟು ಮಾತನಾಡಿಸಲು ಯತ್ನಿಸಿದರು. ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹರ್ಟ್ ಆಸ್ಪತ್ರೆಯಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಸೈನಿಕರ ಜೊತೆ ಕುಳಿತು ಅವರ ಮಾತನ್ನು ಆಲಿಸಿದರು. 'ಅದನ್ನೆಲ್ಲ ಮರೆತುಬಿಡು' ಎಂಬ ಸಲಹೆಯೇ ರೋಗವನ್ನು ಬೆಳೆಸುತ್ತದೆ ಎಂಬುದು 1917ರಲ್ಲಿ ಅವರು ಮಂಡಿಸಿದ ಪ್ರಬಂಧದ ಸಾರ. ಈ ರಿವರ್ಸ್ ನಮಗೆ ತೀರ ದೂರದವರಲ್ಲ. 1901–02ರಲ್ಲಿ ಅವರು ನೀಲಗಿರಿಗೆ ಬಂದು ತೋಡರ ನಡುವೆ ಇದ್ದು, 1906ರಲ್ಲಿ ಆ ಜನರ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ್ದರು.

ಆದರೂ ಈ ಕಾಯಿಲೆಗೆ ವೈದ್ಯಕೀಯ ಪಟ್ಟಿಯಲ್ಲಿ ಖಚಿತವಾದ ಸ್ಥಾನ ಸಿಕ್ಕಿದ್ದು ವಿಯೆಟ್ನಾಂ ಯುದ್ಧದ ನಂತರ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ 'ಪಿ.ಟಿ.ಎಸ್.ಡಿ.', ಎಂದರೆ ಆಘಾತೋತ್ತರ ಒತ್ತಡದ ಕಾಯಿಲೆ, ಎಂಬ ಹೆಸರನ್ನು ತನ್ನ ಕೈಪಿಡಿಯಲ್ಲಿ ಸೇರಿಸಿತು. ಘಟನೆ ಕಣ್ಣೆದುರು ಮತ್ತೆ ಮತ್ತೆ ಬರುವುದು, ಅದನ್ನು ನೆನಪಿಸುವ ಸ್ಥಳ ಮತ್ತು ಸಂಗತಿಗಳಿಂದ ತಪ್ಪಿಸಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ರೆಗೆಡುವುದು: ಇವು ಅದರ ಮುಖ್ಯ ಲಕ್ಷಣಗಳು. ನನ್ನ ಒಂದೂವರೆ ವರ್ಷದ ದಿನಚರಿಯನ್ನು ಯಾರೋ ಬರೆದಿಟ್ಟಂತೆ ಆ ಪಟ್ಟಿ ನನಗೆ ಕಂಡಿತು.

ನಮ್ಮ ನೆಲದ ಮೌನ

ಭಾರತದಲ್ಲಿ ಈ ಗಾಯಕ್ಕೆ ಕಾರಣಗಳು ಎಂದೂ ಕಡಿಮೆಯಿರಲಿಲ್ಲ. ಕಡಿಮೆಯಿದ್ದದ್ದು ಅದರ ಬಗೆಗಿನ ಮಾತು. 1947ರ ದೇಶವಿಭಜನೆಯ ಮಾನಸಿಕ ಪರಿಣಾಮಗಳ ಬಗ್ಗೆ ನಮ್ಮ ಮನೋವೈದ್ಯಶಾಸ್ತ್ರ ದಶಕಗಳ ಕಾಲ ಬಹುಪಾಲು ಮೌನವಾಗಿತ್ತೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಸಂಜೀವ್ ಜೈನ್ ಮತ್ತು ದೆಹಲಿಯ ಅಲೋಕ್ ಸರೀನ್ ಸಂಪಾದಿಸಿದ ಗ್ರಂಥ 2018ರಲ್ಲಿ ಎತ್ತಿ ತೋರಿಸಿತು.

ಆ ಮೌನವನ್ನು ಮುರಿಯುವಲ್ಲಿ ನಿಮ್ಹಾನ್ಸ್‌ನ ಪಾತ್ರ ದೊಡ್ಡದು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಯಿತು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಒಂದುಗೂಡಿ ನಿಮ್ಹಾನ್ಸ್ ಆಯಿತು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ಸುಮಾರು 92 ಜನರು ಅಸುನೀಗಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮಕ್ಕಳನ್ನು ಕಳೆದುಕೊಂಡವರ ದುಃಖವನ್ನು ನಿಮ್ಹಾನ್ಸ್‌ನ ತಂಡ ಅಧ್ಯಯನ ಮಾಡಿತು. ದುರಂತದಲ್ಲಿ ಬದುಕುಳಿದವರ ಮನಸ್ಸಿನ ಕುರಿತು ನಮ್ಮ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಇದೂ ಒಂದು. 1984ರ ಡಿಸೆಂಬರಿನ ಭೋಪಾಲ ಅನಿಲ ದುರಂತದ ನಂತರ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ನೀಡಿದರು. 1980ರ ದಶಕದಲ್ಲಿಯೇ ಬಳ್ಳಾರಿಯಲ್ಲಿ ನಡೆದ ಪ್ರಯೋಗದಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಇಡೀ ದೇಶಕ್ಕೆ ದೊರಕಿತು.

ಇನ್ನು ನಮ್ಮ ಮೂರು ತಾಲ್ಲೂಕುಗಳು. ಹೊರಗಿನವರಿಗೆ ಇವು ಹಸಿರು ಗುಡ್ಡ, ಅಡಿಕೆ ತೋಟ, ಶಾರದಾಪೀಠ ಮತ್ತು ತುಂಗಾಭದ್ರೆಯರ ನಾಡು. ಒಳಗಿದ್ದವರು ಬೇರೆಯದನ್ನೂ ಬಲ್ಲರು. ಒಂದು ಕಾಲಕ್ಕೆ ಮಲೇರಿಯಾ ಇಲ್ಲಿನ ಮನೆಮನೆಗಳನ್ನು ಬರಿದು ಮಾಡಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು ಡಿ.ಡಿ.ಟಿ. ಸಿಂಪಡಣೆ ವ್ಯಾಪಕವಾದ ಮೇಲೆಯೇ ಜನ ಉಸಿರು ಬಿಟ್ಟದ್ದು. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ನರಸಿಂಹರಾಜಪುರದ ಕಡೆಯ ಊರುಗಳು, ಗದ್ದೆಗಳು, ಪೂರ್ವಿಕರ ಸಮಾಧಿಗಳು ಹಿನ್ನೀರಿನಲ್ಲಿ ಮುಳುಗಿದವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಈಚಿನ ವರ್ಷಗಳಲ್ಲಿ ನಮ್ಮ ಕಡೆಯೂ ಕಾಣಿಸಿಕೊಂಡು, ಕಾಡಂಚಿನವರಿಗೆ ದರಗು ಗುಡಿಸುವುದೇ ಭಯವಾಗಿದೆ.

2003ರ ನಂತರದ ವರ್ಷಗಳಲ್ಲಿ ನಕ್ಸಲ್ ಚಟುವಟಿಕೆ ಒಂದೆಡೆ, ಪೊಲೀಸ್ ಶೋಧ ಇನ್ನೊಂದೆಡೆಯಾಗಿ ಕಾಡಿನ ಒಂಟಿಮನೆಗಳು ನಡುವೆ ಸಿಕ್ಕಿಕೊಂಡವು. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಹತರಾದರು. 2007ರ ಜುಲೈನಲ್ಲಿ ಮೆಣಸಿನಹಾಡ್ಯದ ಗುಂಡಿನ ಕಾಳಗದಲ್ಲಿ ಊರಿನವರೂ ಸೇರಿದಂತೆ ಐವರು ಸತ್ತರು. 2025ರ ಜನವರಿ 8ರಂದು ಶೃಂಗೇರಿ ತಾಲ್ಲೂಕಿನ ಮುಂಡಗಾರು ಲತಾ ಸೇರಿ ಆರು ಮಂದಿ ಶರಣಾದಾಗ ಆ ಅಧ್ಯಾಯ ಮುಗಿಯುತ್ತಾ ಬಂದಿತೆಂದು ಸರ್ಕಾರ ಭಾವಿಸಿತು. ಆದರೆ ನಡುರಾತ್ರಿಯಲ್ಲಿ ಬಾಗಿಲು ಬಡಿದ ಸದ್ದು ಕೇಳಿ ಬೆಳೆದ ಮಗುವಿನ ಪಾಲಿಗೆ ಆ ಅಧ್ಯಾಯ ಯಾವಾಗ ಮುಗಿಯುತ್ತದೆ?

ಇಂತಹ ಭಯಕ್ಕೆ ನಮ್ಮ ಹಿರಿಯರಲ್ಲಿ ಪದಗಳಿದ್ದವು. 'ಮಗು ಬೆಚ್ಚಿದೆ', 'ಗಾಳಿ ಸೋಕಿದೆ' ಎನ್ನುತ್ತಿದ್ದರು. ನೂಲು ಕಟ್ಟುತ್ತಿದ್ದರು, ದೃಷ್ಟಿ ತೆಗೆಯುತ್ತಿದ್ದರು, ಪ್ರಾರ್ಥಿಸುತ್ತಿದ್ದರು. ಭಯವೂ ಒಂದು ಗಾಯವೆಂದು ಅವರು ಅರಿತಿದ್ದರು. ದೊಡ್ಡವರು, ಅದರಲ್ಲಿಯೂ ಗಂಡಸರು, ಬೆಚ್ಚಬಹುದು ಎಂಬುದನ್ನು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ.

ಉದ್ಯಾನದ ಒಂದು ನಡಿಗೆ

ಕಣ್ಣಿನ ಚಲನೆಯ ಚಿಕಿತ್ಸೆಯ ಮೂಲವೂ ಒಬ್ಬರ ಸ್ವಂತ ಅನುಭವವೇ. ಫ್ರಾನ್ಸೀನ್ ಶಪೀರೊ ಅಮೆರಿಕದಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಮಹಿಳೆ. 1979ರಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆಯ ನಂತರ ಅವರು ಸಾಹಿತ್ಯವನ್ನು ಬಿಟ್ಟು ದೇಹ–ಮನಸ್ಸುಗಳ ಸಂಬಂಧದ ಅಧ್ಯಯನಕ್ಕೆ ತಿರುಗಿದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಉದ್ಯಾನದಲ್ಲಿ ನಡೆಯುತ್ತಿದ್ದಾಗ, ಕಾಡುತ್ತಿದ್ದ ಆಲೋಚನೆಗಳ ನೋವು ತಾನಾಗಿ ಕಡಿಮೆಯಾದುದನ್ನು ಗಮನಿಸಿದರು. ಆ ಹೊತ್ತಿನಲ್ಲಿ ತಮ್ಮ ಕಣ್ಣುಗಳು ಅತ್ತಿಂದಿತ್ತ ವೇಗವಾಗಿ ಚಲಿಸುತ್ತಿದ್ದವೆಂದು ಅವರಿಗೆ ಹೊಳೆಯಿತು. ಅದನ್ನೇ ಬೇಕೆಂದು ಮಾಡಿ ನೋಡಿದರು, ಇತರರಿಂದಲೂ ಮಾಡಿಸಿ ನೋಡಿದರು.

1989ರಲ್ಲಿ ಅವರ ಮೊದಲ ಅಧ್ಯಯನ ಪ್ರಕಟವಾಯಿತು. ಅದರಲ್ಲಿದ್ದವರು ಇಪ್ಪತ್ತೆರಡು ಮಂದಿ: ವಿಯೆಟ್ನಾಂ ಯುದ್ಧದಿಂದ ಮರಳಿದವರು, ಅತ್ಯಾಚಾರಕ್ಕೆ ಅಥವಾ ದೌರ್ಜನ್ಯಕ್ಕೆ ಒಳಗಾದವರು. ಮುಂದೆ ಈ ವಿಧಾನ ಎಂಟು ಹಂತಗಳ ಪೂರ್ಣ ಚಿಕಿತ್ಸೆಯಾಗಿ ಬೆಳೆದು 'ಇ.ಎಂ.ಡಿ.ಆರ್.' ಎಂಬ ಹೆಸರು ಪಡೆಯಿತು. ಕಣ್ಣಿನ ಚಲನೆಯ ನೆರವಿನಿಂದ ನೆನಪಿನ ಉರಿಯನ್ನು ತಗ್ಗಿಸಿ, ಅದನ್ನು ಮನಸ್ಸಿನಲ್ಲಿ ಮತ್ತೆ ಸರಿಯಾದ ಸ್ಥಾನದಲ್ಲಿ ಇರಿಸುವುದು ಎಂದು ಅದರ ಅರ್ಥವನ್ನು ವಿವರಿಸಬಹುದು. ಶಪೀರೊ 2019ರ ಜೂನ್ ತಿಂಗಳಲ್ಲಿ ನಿಧನ ಹೊಂದಿದರು. ನಮ್ಮ ಧರೆ ಜರಿಯಲು ಆಗ ಇನ್ನೆರಡು ತಿಂಗಳಿತ್ತು. ಅವರ ಹೆಸರನ್ನು ನಾನು ಕೇಳಿರಲೇ ಇಲ್ಲ.

ಸಂಶಯ ಮತ್ತು ಪರೀಕ್ಷೆ

ನನಗೆ ಬಂದ ಸಂಶಯ ದೊಡ್ಡ ವಿದ್ವಾಂಸರಿಗೂ ಬಂದಿತ್ತೆಂದು ಓದಿ ಸಮಾಧಾನವಾಯಿತು. ಒಂದೇ ಬೈಠಕ್ಕಿನಲ್ಲಿ ವರ್ಷಗಳ ನೋವು ಕರಗಿತೆಂಬ ಆರಂಭದ ಮಾತು ಅನೇಕರಿಗೆ ನಂಬಲಾಗಲಿಲ್ಲ. ಹಾರ್ವರ್ಡಿನ ರಿಚರ್ಡ್ ಮೆಕ್‌ನಾಲಿ 1999ರಲ್ಲಿ ಇದನ್ನು ಹದಿನೆಂಟನೆಯ ಶತಮಾನದ ಮೆಸ್ಮರನ ಕಾಂತಚಿಕಿತ್ಸೆಗೆ ಹೋಲಿಸಿದರು. ನೆನಪನ್ನು ಧೈರ್ಯವಾಗಿ ಎದುರಿಸುವುದರಿಂದಲೇ ಗುಣವಾಗುತ್ತದೆ, ಕಣ್ಣು ಆಡಿಸುವುದು ಬರಿಯ ಅಲಂಕಾರ ಎಂಬುದು ಇಂತಹ ವಿಮರ್ಶಕರ ವಾದ. 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಡೇವಿಡ್‌ಸನ್ ಮತ್ತು ಪಾರ್ಕರ್ ಚಿಕಿತ್ಸೆ ಫಲಕಾರಿಯೆಂದು ಒಪ್ಪಿದರು. ಕಣ್ಣಿನ ಚಲನೆ ಅಗತ್ಯವೆಂಬುದಕ್ಕೆ ಮಾತ್ರ ಆಧಾರ ಕಾಣಲಿಲ್ಲ ಎಂದರು. 2013ರಲ್ಲಿ ಲೀ ಮತ್ತು ಕೈಪರ್ಸ್ ಇನ್ನಷ್ಟು ಅಧ್ಯಯನಗಳನ್ನು ಪರಿಶೀಲಿಸಿ, ಕಣ್ಣಿನ ಚಲನೆಯಿಂದ ಹೆಚ್ಚಿನ ಪ್ರಯೋಜನವಿದೆ ಎಂದರು. ಈ ಚರ್ಚೆ ಪೂರ್ತಿ ಮುಗಿದಿಲ್ಲ.

ಕಣ್ಣು ಚಲಿಸಿದರೆ ನೆನಪಿಗೇನಾಗುತ್ತದೆ? ವಿಜ್ಞಾನಿಗಳು ಮುಂದಿಡುವ ವಿವರಣೆಗಳಲ್ಲಿ ಒಂದನ್ನು ನಮ್ಮ ಮನೆಯ ಜಗಲಿಯ ಹೋಲಿಕೆಯಿಂದ ಹೇಳಬಹುದು. ಉಗ್ರಾಣದಲ್ಲಿ ಎಷ್ಟು ಸಾಮಾನಿದ್ದರೂ ಜಗಲಿಯ ಮೇಲೆ ಒಮ್ಮೆಗೆ ಹರಡಲು ಜಾಗ ಸ್ವಲ್ಪವೇ. ಮನಸ್ಸಿನಲ್ಲಿಯೂ ಹಾಗೆ. ಹಳೆಯ ಭಯದ ಚಿತ್ರವನ್ನು ಹೊರತೆಗೆದು ಇಟ್ಟಾಗ, ಚಲಿಸುವ ಬೆರಳನ್ನು ಹಿಂಬಾಲಿಸುವ ಕೆಲಸವೂ ಅದೇ ಜಾಗವನ್ನು ಬೇಡುತ್ತದೆ. ಆಗ ಚಿತ್ರ ಕಿರಿದಾಗುತ್ತದೆ, ಬಣ್ಣ ಮಾಸುತ್ತದೆ. ಮತ್ತೆ ಒಳಗಿಡುವಾಗ ಹಾಗೆ ಮಾಸಿದ ಚಿತ್ರವೇ ಉಗ್ರಾಣ ಸೇರುತ್ತದೆ. ಕಣ್ಣು ಆಡಿಸುತ್ತಾ ನೆನೆದಾಗ ಚಿತ್ರದ ಸ್ಪಷ್ಟತೆ ಕುಗ್ಗುವುದನ್ನು 1997ರಲ್ಲಿ ಜಾಕಿ ಆಂಡ್ರೇಡ್ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿದರು. 2019ರಲ್ಲಿ ಕೊರಿಯಾದ ವಿಜ್ಞಾನಿಗಳು, ಬೆಳಕನ್ನು ಎಡಬಲಕ್ಕೆ ಚಲಿಸಿ ತೋರಿಸಿದಾಗ ಇಲಿಗಳ ಭಯ ತಗ್ಗುವುದನ್ನೂ, ಅದಕ್ಕೆ ಕಾರಣವಾದ ಮೆದುಳಿನ ಮಾರ್ಗವನ್ನೂ ವರದಿ ಮಾಡಿದರು.

ಔಷಧಿಯೊಡನೆ ಹೋಲಿಸಿಯೂ ನೋಡಿದ್ದಾರೆ. ಬೆಸೆಲ್ ವ್ಯಾನ್ ಡರ್ ಕೋಕ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ, 88 ಜನರನ್ನೊಳಗೊಂಡ ಅಧ್ಯಯನದಲ್ಲಿ, ದೊಡ್ಡವರಾದ ಮೇಲೆ ಆಘಾತಕ್ಕೊಳಗಾದವರಿಗೆ ಈ ಚಿಕಿತ್ಸೆಯ ಫಲ ಚೆನ್ನಾಗಿ ಉಳಿಯಿತು. ಬಾಲ್ಯದಲ್ಲಿಯೇ ನೋವುಂಡವರಿಗೆ ಅಷ್ಟು ಸುಲಭದಲ್ಲಿ ಗುಣ ಕಾಣಲಿಲ್ಲ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ಈ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಅಮೆರಿಕದ ಮನೋವಿಜ್ಞಾನಿಗಳ ಸಂಘ 2017ರಲ್ಲಿ ಹೆಚ್ಚು ಎಚ್ಚರಿಕೆಯಿಂದ, ಷರತ್ತಿನೊಡನೆ ಶಿಫಾರಸು ಮಾಡಿತು.

ಭೂಕಂಪದ ದಾರಿಯಲ್ಲಿ ಭಾರತಕ್ಕೆ

1995ರ ಏಪ್ರಿಲ್ 19ರಂದು ಅಮೆರಿಕದ ಓಕ್ಲಹೋಮಾ ನಗರದಲ್ಲಿ ಬಾಂಬ್ ಸ್ಫೋಟವಾಗಿ 168 ಜನರು ಸತ್ತಾಗ ಈ ಚಿಕಿತ್ಸಕರು ಸ್ವಯಂಪ್ರೇರಣೆಯಿಂದ ಅಲ್ಲಿಗೆ ಧಾವಿಸಿದರು. ಆ ಸೇವೆಯಿಂದ ಒಂದು ಪರೋಪಕಾರಿ ಸಂಘಟನೆ ಬೆಳೆಯಿತು. 2001ರ ಜನವರಿ 26ರ ಬೆಳಿಗ್ಗೆ ಗುಜರಾತಿನ ಭುಜ್ ಪ್ರದೇಶ ನಡುಗಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಮಡಿದ ನಂತರ ಆ ಸಂಘಟನೆ ಭಾರತದ ಮನೋಚಿಕಿತ್ಸಕರಿಗೆ ತರಬೇತಿ ನೀಡಿತು. ಮುಂಬಯಿಯ ಸುಷ್ಮಾ ಮೆಹ್ರೋತ್ರಾ ಅವರಂತಹವರು ಇದನ್ನು ನಮ್ಮ ದೇಶದಲ್ಲಿ ಬೆಳೆಸಿದರು. 2004ರ ಡಿಸೆಂಬರಿನ ಸುನಾಮಿಯ ನಂತರ ದಕ್ಷಿಣದ ಕರಾವಳಿಯಲ್ಲಿಯೂ ಇದರ ಬಳಕೆಯಾಯಿತು.

ಮಕ್ಕಳಿಗಾಗಿ ಹುಟ್ಟಿದ ಒಂದು ಸರಳ ಕ್ರಮದ ಕಥೆ ನನಗೆ ಬಹಳ ಹಿಡಿಸಿತು. 1997ರ ಅಕ್ಟೋಬರಿನಲ್ಲಿ ಮೆಕ್ಸಿಕೋದ ಅಕಪುಲ್ಕೋ ನಗರವನ್ನು ಪಾಲಿನಾ ಎಂಬ ಚಂಡಮಾರುತ ಅಪ್ಪಳಿಸಿತು. ಅಲ್ಲಿ ಬದುಕುಳಿದ ಮಕ್ಕಳೊಡನೆ ಕೆಲಸ ಮಾಡುತ್ತಿದ್ದ ಲೂಸಿನಾ ಆರ್ಟಿಗಾಸ್, ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿ ಇಟ್ಟು ಒಂದಾದ ಮೇಲೊಂದರಂತೆ ಮೆಲ್ಲನೆ ತಟ್ಟಿಕೊಳ್ಳುವುದನ್ನು ಕಲಿಸಿದರು. ಅದು 'ಚಿಟ್ಟೆಯ ಅಪ್ಪುಗೆ' ಎಂದು ಹೆಸರಾಯಿತು. ತಾಯಿಯನ್ನು ಹನ್ನೆರಡನೆಯ ವಯಸ್ಸಿನಲ್ಲಿ ಕಳೆದುಕೊಂಡ ಬ್ರಿಟನ್ನಿನ ರಾಜಕುಮಾರ ಹ್ಯಾರಿ 2021ರಲ್ಲಿ ದೂರದರ್ಶನ ಸರಣಿಯೊಂದರಲ್ಲಿ ತಾನು ಈ ಚಿಕಿತ್ಸೆ ಪಡೆಯುತ್ತಿರುವುದನ್ನು ಜಗತ್ತಿಗೆ ತೋರಿಸಿದಾಗ, ಅವರ ಕೈಗಳೂ ಎದೆಯ ಮೇಲೆ ಹೀಗೆಯೇ ಇದ್ದವು.

ಆ ಕೋಣೆಯಲ್ಲಿ

ಈಗ ನನ್ನ ಅನುಭವ. ಮೊದಲೆರಡು ಭೇಟಿಗಳಲ್ಲಿ ಬೆರಳು ಚಲಿಸಲೇ ಇಲ್ಲ. ನನ್ನ ಬದುಕಿನ ಕಥೆ ಕೇಳಿದರು. ಬೇರೆ ಕಾಯಿಲೆಗಳೇನಾದರೂ ಇವೆಯೇ ಎಂದು ವಿಚಾರಿಸಿದರು. ಮನಸ್ಸು ಕಲಕಿದರೆ ಮರಳಿ ಬರಲು ನೆಮ್ಮದಿಯ ಒಂದು ಜಾಗವನ್ನು ಕಲ್ಪಿಸಿಕೊಳ್ಳಲು ಹೇಳಿದರು. ನಾನು ಆರಿಸಿಕೊಂಡದ್ದು ಡಿಸೆಂಬರಿನ ಅಡಿಕೆ ಚಪ್ಪರದ ನೆರಳನ್ನು. ಬೇಯಿಸಿದ ಅಡಿಕೆಯ ಒಗರು ವಾಸನೆ, ಎಳೆ ಬಿಸಿಲು.

ಮೂರನೆಯ ಭೇಟಿಯಲ್ಲಿ ಕೇಳಿದರು: ಆ ರಾತ್ರಿಯ ಅತ್ಯಂತ ಕೆಟ್ಟ ಚಿತ್ರ ಯಾವುದು? ಹಿಂಬಾಗಿಲು ತೆರೆದು ಟಾರ್ಚ್ ಬಿಟ್ಟಾಗ ಬಚ್ಚಲುಮನೆಯಿದ್ದಲ್ಲಿ ಕೆಂಪು ಮಣ್ಣು ಮಾತ್ರ ಕಂಡದ್ದು. ಆ ಚಿತ್ರ ನಿಮ್ಮ ಬಗ್ಗೆ ಏನು ಹೇಳುತ್ತದೆ? "ನನ್ನವರನ್ನು ಉಳಿಸಲು ನನ್ನಿಂದಾಗದು." ಸೊನ್ನೆಯಿಂದ ಹತ್ತರವರೆಗೆ ಎಷ್ಟು ಸಂಕಟ? ಒಂಬತ್ತು. ದೇಹದಲ್ಲಿ ಎಲ್ಲಿ? ಗಂಟಲಲ್ಲಿ. ಬಳಿಕ ಬೆರಳು ಚಲಿಸಿತು. ಅರ್ಧ ನಿಮಿಷ ಹಿಂಬಾಲಿಸುವುದು, ನಿಲ್ಲಿಸುವುದು, ಉಸಿರು ಬಿಡುವುದು, "ಈಗ ಏನು ಬರುತ್ತಿದೆ?" ಎಂದು ಅವರು ಕೇಳುವುದು. ಬಂದದ್ದನ್ನೆಲ್ಲ ವಿವರಿಸಬೇಕೆಂಬ ಒತ್ತಾಯವಿರಲಿಲ್ಲ. ಮೋಡಿಯ ಮಾತೂ ಇರಲಿಲ್ಲ, ನನಗೆ ಪೂರ್ಣ ಎಚ್ಚರವಿತ್ತು. ಆ ವಾರ ಕನಸುಗಳು ಹೆಚ್ಚಾದವು. ಹಾಗಾಗಬಹುದೆಂದು ಅವರು ಮೊದಲೇ ಎಚ್ಚರಿಸಿದ್ದರಿಂದ ಚಿಕಿತ್ಸೆಯನ್ನು ಬಿಡಲಿಲ್ಲ.

ನಾಲ್ಕನೆಯ ಭೇಟಿಯಲ್ಲಿ, ಕೆಂಪು ಮಣ್ಣಿನ ಚಿತ್ರ ಮಸುಕಾಗುತ್ತಿದ್ದಂತೆ, ನಾನು ಕರೆಯದೆ ಬೇರೊಂದು ಚಿತ್ರ ಬಂತು. ನನ್ನ ತಂದೆ, ನಾವು ಅಪ್ಪಚ್ಚನ್ ಎನ್ನುತ್ತಿದ್ದವರು, ಲಾಟೀನು ಹಚ್ಚಿಟ್ಟು ಒಲೆಯ ಬಳಿ ಕುಳಿತಿದ್ದಾರೆ. ಹೊರಗೆ ಮಳೆ. ಜೋರು ಮಳೆಯ ಪ್ರತಿ ರಾತ್ರಿಯೂ ಅವರು ಹಾಗೆ ಕುಳಿತಿರುತ್ತಿದ್ದರು, ಬೆಳಗಿನವರೆಗೆ. ಐವತ್ತರ ದಶಕದಲ್ಲಿ ತಿರುವಾಂಕೂರಿನಿಂದ ನರಸಿಂಹರಾಜಪುರದ ಕಡೆಗೆ ಬಂದು ಕಾಡು ಕಡಿದು ಮನೆ ಕಟ್ಟಿದವರು ಅವರು. ನಾನು ಹುಟ್ಟುವ ಮೊದಲು, ಎರಡು ವರ್ಷದ ನನ್ನ ಅಣ್ಣ ಜ್ವರದಲ್ಲಿ ತೀರಿಕೊಂಡಿದ್ದ. ಆ ರಾತ್ರಿ ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ಮಗುವನ್ನು ಎತ್ತಿಕೊಂಡು ದಾಟಲಾಗಲಿಲ್ಲವೆಂದು ತಾಯಿ ಒಮ್ಮೆ ಮಾತ್ರ ಹೇಳಿದ್ದರು. ಅಪ್ಪಚ್ಚನ್ ಒಮ್ಮೆಯೂ ಹೇಳಲಿಲ್ಲ. ಅವರದು ಮುಂಗೋಪವೆಂದು ಊರು ಹೇಳುತ್ತಿತ್ತು, ನಾವೂ ನಂಬಿದ್ದೆವು. ಅವರು ನಾಲ್ವತ್ತು ಮಳೆಗಾಲಗಳಲ್ಲಿ ಕಾವಲು ಕುಳಿತಿದ್ದರೆಂದು ಅರವತ್ತು ದಾಟಿದ ಮೇಲೆ ನನಗೆ ಅರ್ಥವಾಯಿತು. ಆ ದಿನ ಆ ಕೋಣೆಯಲ್ಲಿ ನಾನು ಅತ್ತದ್ದು ಧರೆಯ ಕಾರಣಕ್ಕೆ ಅಲ್ಲ.

ಒಟ್ಟು ಒಂಬತ್ತು ಭೇಟಿಗಳಾದವು. ಸಂಕಟದ ಅಂಕ ಒಂಬತ್ತರಿಂದ ಎರಡಕ್ಕೆ ಇಳಿಯಿತು, ಸೊನ್ನೆಯಾಗಲಿಲ್ಲ. ಆ ರಾತ್ರಿ ನನಗೆ ಮರೆತಿಲ್ಲ. ಆದರೆ ಈಗ ಅದು 2019ರಲ್ಲಿ ನಡೆದ ಘಟನೆ. ಮೊದಲು ಅದು ಪ್ರತಿ ರಾತ್ರಿ ನಡೆಯುತ್ತಿತ್ತು.

ನಮ್ಮ ಮನೆಗಳಿಗೆ

ಈ ಚಿಕಿತ್ಸೆ ಎಲ್ಲರಿಗೂ ಎಲ್ಲ ಕಾಲಕ್ಕೂ ಹೊಂದುವ ಸಂಜೀವಿನಿಯೆಂದು ನಾನು ಹೇಳುತ್ತಿಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು, ಆತ್ಮಹತ್ಯೆಯ ಯೋಚನೆ ಬರುವವರು, ಅಪಸ್ಮಾರ ಅಥವಾ ಕಣ್ಣಿನ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ತರಬೇತಿ ಪಡೆದವರಿಂದ ಮಾತ್ರ ಇದನ್ನು ಮಾಡಿಸಿಕೊಳ್ಳಬೇಕು. ಯಂತ್ರ ನೋಡಿ ಮನೆಯಲ್ಲಿ ಪ್ರಯೋಗಿಸುವಂತಹದಲ್ಲ. ಆಘಾತದ ನೆನಪನ್ನು ಎದುರಿಸಲು ನೆರವಾಗುವ ಮಾತಿನ ಚಿಕಿತ್ಸೆಗಳು ಬೇರೆಯೂ ಇವೆ, ಅವುಗಳಿಗೂ ಒಳ್ಳೆಯ ಆಧಾರವಿದೆ. ಇಂತಹ ಚಿಕಿತ್ಸಕರು ಹೆಚ್ಚಾಗಿ ನಗರಗಳಲ್ಲಿರುವುದೂ ನಿಜ. ಶೃಂಗೇರಿಯ ಕಾಡಂಚಿನ ಕೂಲಿಯವರಿಗೆ ಮಂಗಳೂರಿನ ಒಂಬತ್ತು ಭೇಟಿಗಳೆಂದರೆ ಒಂಬತ್ತು ದಿನದ ಸಂಬಳ ಮತ್ತು ಬಸ್ಸಿನ ಖರ್ಚು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ಆ ಹಕ್ಕು ಗುಡ್ಡ ಹತ್ತಿ ಬರಬೇಕಾದದ್ದು ಇನ್ನೂ ಬಹಳವಿದೆ. ಆದರೂ ಮೊದಲ ಹೆಜ್ಜೆಗೆ ದಾರಿಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ಕಾಣಬಹುದು.

2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆಗಳನ್ನು ಗುಡ್ಡ ನುಂಗಿದಾಗ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಫೋನು ಕೈಯಲ್ಲಿ ಹಿಡಿದು ರಾತ್ರಿ ಕಳೆದವರಿದ್ದರು. ಅಂತಹ ಹೊತ್ತಿನಲ್ಲಿ ನೆರೆಯವರಾದ ನಾವು ಮಾಡಬೇಕಾದದ್ದೇನು? ನಡೆದದ್ದನ್ನೆಲ್ಲ ಕೂಡಲೇ ಬಾಯಿಬಿಡಿಸುವ ಕ್ರಮ ಒಳ್ಳೆಯದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊಟ, ಬಟ್ಟೆ, ಮಲಗಲು ಜಾಗ, ಜೊತೆಗೊಬ್ಬರು, ಕೇಳುವ ಕಿವಿ: ಇವು ಮೊದಲು. ಯೋಬನ ಗೆಳೆಯರು ಅವನ ಪಕ್ಕದಲ್ಲಿ ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕುಳಿತಿದ್ದರೆಂದು ನಾವು ಬಲ್ಲೆವು. ಅವರು ಅವನಿಗೆ ಮಾಡಿದ ಉಪಕಾರ ಅದೊಂದೇ. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಅವನ ನೋವು ಹೆಚ್ಚಿತು.

ಚಿಕಿತ್ಸೆಗೆ ಹೋದರೆ ನಂಬಿಕೆ ಕಡಿಮೆಯಾಯಿತೆಂದು ಭಾವಿಸುವವರು ನಮ್ಮಲ್ಲಿದ್ದಾರೆ. ನಾನೂ ಹಾಗೆಯೇ ಭಾವಿಸಿದ್ದೆ. ಕಾಲು ಮುರಿದಾಗ ಪ್ರಾರ್ಥನೆಯನ್ನೂ ಮಾಡುತ್ತೇವೆ, ಪಟ್ಟಿಯನ್ನೂ ಕಟ್ಟಿಸುತ್ತೇವೆ. ಮನಸ್ಸಿನ ಮುರಿತಕ್ಕೆ ಬೇರೆ ನಿಯಮವೇಕೆ?

ಕಳೆದ ಮಳೆಗಾಲದಿಂದ ನಾನು ಹಿಂಬದಿಯ ಕೋಣೆಯಲ್ಲಿಯೇ ಮಲಗುತ್ತಿದ್ದೇನೆ. ಮಳೆ ಬಿರುಸಾದರೆ ಈಗಲೂ ಒಮ್ಮೆ ಎಚ್ಚರವಾಗುತ್ತದೆ. ಎದ್ದು ಧರೆಯ ಕಡೆ ಟಾರ್ಚ್ ಬಿಟ್ಟು ನೋಡುತ್ತೇನೆ, ಅಪ್ಪಚ್ಚನ್‌ಗಾಗಿ ಒಂದು ಪ್ರಾರ್ಥನೆ ಹೇಳಿ ಮಲಗುತ್ತೇನೆ. ಅವರ ಕಾಲದಲ್ಲಿ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಮಳೆಯ ರಾತ್ರಿ ಎಚ್ಚರವಾಗಿ ಕುಳಿತಿರುವ ಹಿರಿಯರಿದ್ದರೆ, ಮುಂಗೋಪಿಯೆಂದು ಹೆಸರಾದವರಿದ್ದರೆ, ಅವರ ಬಳಿ ಹೋಗಿ ಕುಳಿತು ಆ ಒಂದು ಮಾತು ಕೇಳಿ: "ರಾತ್ರಿ ನಿದ್ರೆ ಬರುತ್ತದೆಯೇ?"